ಅಡಗಿ ಸೆಟ್ಟಿಗೆ ಹೋಗಿ ಒಂಟೆ ತಂದದ್ದು

ಹೈದರಾಬಾದಿನ ಕನ್ನಡದವರು ಪೇಟೆಗೆ ಹೋಗಿ ಬಂದರೆ ಚೀಲದಲ್ಲಿ ಸಾಮಾನಿಲ್ಲದಿದ್ದರೂ ಒಂದು ಫಜೀತಿಯಂತೂ ಇರುತ್ತಿತ್ತು. ನಾರಾಯಣಗೂಡದಲ್ಲಿ ಬಾಡಿಗೆಗಿದ್ದಾಗ ಮಗಳಿಗೆ ಆಟದ ಅಡಿಗೆ ಸಾಮಾನು ಕೊಂಡದ್ದು ನೆನಪಾದರೆ ನಗು ಬರುತ್ತದೆ, ಆ ದಿನಗಳು ಮತ್ತೆ ಬೇಕೆನಿಸುತ್ತವೆ.

೧

ಮಗಳಿಗೆ ಆಗ ನಾಲ್ಕು ವರ್ಷ. ಪಕ್ಕದ ಮನೆಯ ಹುಡುಗಿಯ ಹತ್ತಿರ ಅಡಿಗೆ ಸೆಟ್ ಇತ್ತು. ಅಡಿಗೆ ಅವಳದು, ಪಾತ್ರೆ-ಭಾಂಡೆ ತಿಕ್ಕುವುದು ನಮ್ಮವಳದು. ಒಂದು ಸಂಜೆ ಅಳುತ್ತಾ ಬಂದು, "ಅಪ್ಪಾ, ನಾ ಇನ್ನ ಭಾಂಡೆ ತಿಕ್ಕಂಗಿಲ್ಲ. ನನಗ ನಂದ ಅಡಗಿಮನಿ ಬೇಕು" ಎಂದಳು.

ಮರುದಿನ ಹೆಂಡತಿ ಆಟದ ಸಾಮಾನಿನ ಅಂಗಡಿಗೆ ಹೋದಳು. ಗುಲ್ಬರ್ಗಾದಿಂದ ಬಂದು ಐದು ವರ್ಷವಾದರೂ ಅವಳಿಗೆ ತೆಲುಗು ಹತ್ತಿರಲಿಲ್ಲ.

"ಅಡಗಿ ಸೆಟ್ ಬೇಕ್ರಿ."

"ಅಡಗಂಡಿ ಅಮ್ಮಾ," ಎಂದ ಅಂಗಡಿಯವ.

"ಹೂಂನ್ರಿ, ಅಡಗೀನ."

"ಅಡಗಂಡಿ, ಅಡಗಂಡಿ."

ತೆಲುಗಿನಲ್ಲಿ ಅಡಗಂಡಿ ಎಂದರೆ 'ಕೇಳಿ' ಎಂದರ್ಥ. ಅವನು ಕೇಳಿ ಎನ್ನುತ್ತಾ ನಿಂತ, ಇವಳು ಕೇಳುತ್ತಾ ನಿಂತಳು. ಬರಿಗೈಯಲ್ಲಿ ಬಂದವಳು ನನಗೆ ಹೇಳಿದಳು: "ಮನುಷ್ಯಾ ಭಾಳ ಛಲೋ ಅದಾನ್ರಿ. ಸಾಮಾನು ಕೊಡಂಗಿಲ್ಲ, ಅಷ್ಟ."

೨

ಅಡಿಗೆಗೆ ತೆಲುಗಿನಲ್ಲಿ 'ವಂಟ' ಅಂತಾರೆ ಎಂದು ಹೇಳಿಕೊಟ್ಟು ಮತ್ತೆ ಕಳಿಸಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳಂತೆ. ಅಂಗಡಿ ಮುಟ್ಟುವಷ್ಟರಲ್ಲಿ ವಂಟ ಹೋಗಿ ಒಂಟೆ ಆಗಿತ್ತು. ತೆಲುಗಿನಲ್ಲೂ ಒಂಟೆ ಎಂದರೆ ಒಂಟೆಯೇ. ಅವನು ಒಳಗಿನಿಂದ ತಂದು, ಕಾಗದ ಸುತ್ತಿ ಕೊಟ್ಟದ್ದನ್ನು ಇವಳು ಬಿಚ್ಚಿಯೂ ನೋಡದೆ ಗೆದ್ದವರ ಹಾಗೆ ಮನೆಗೆ ತಂದಳು.

ಮಗಳು ಮರದ ಒಂಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ಕೇಳಿದಳು: "ಇದು ಭಾಂಡೆ ತಿಕ್ಕತೈತೇನು?"

೩

ಭಾನುವಾರ ಮಗಳನ್ನು ಕರೆದುಕೊಂಡು ನಾನೇ ಹೋದೆ. ಅಂಗಡಿಯವ ಪ್ಲಾಸ್ಟಿಕ್ ಸೆಟ್ ತೋರಿಸಿದ. ಗುಂಡಿ ತಿರುಗಿಸಿದರೆ ಟಕ್ ಟಕ್ ಎನ್ನುವ ಒಲೆ, ಕುಕ್ಕರು, ಇಡ್ಲಿ ಪಾತ್ರೆ ಎಲ್ಲ ಇತ್ತು. ನಮ್ಮವಳು ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ನೋಡಿ, "ರೊಟ್ಟಿ ಹಂಚು ಎಲ್ಲೈತಿ?" ಎಂದಳು. ನಾನು ತೆಲುಗಿನಲ್ಲಿ ಕೇಳಿದೆ. ಅವನಿಗೆ ರೊಟ್ಟಿ ಎಂದರೆ ಬ್ರೆಡ್ಡು; ಬೇಕಾದರೆ ಬೇಕರಿಯಲ್ಲಿ ಸಿಗುತ್ತದೆ ಎಂದ. ಕೊನೆಗೆ ಅಟ್ಟ ಹತ್ತಿ, ಹಂಚು ಇರುವ ಹಳೆಯ ತಗಡಿನ ಸೆಟ್ ಇಳಿಸಿಕೊಟ್ಟ.

ಹೊರಗೆ ಬಂದ ಮೇಲೆ ಮಗಳು ಮರುಗಿದಳು: "ಪಾಪ, ಅವರ ಮನ್ಯಾಗ ರೊಟ್ಟಿ ಬಡಿಯೋರು ಯಾರೂ ಇಲ್ಲೇನು?"

೪

ಆ ಮಧ್ಯಾಹ್ನ ಪಕ್ಕದ ಮನೆಯ ಹುಡುಗಿಗೇ ಮೊದಲ ಊಟ. ಇವತ್ತು ನಮ್ಮವಳು ಸೇಡು ತೀರಿಸಿಕೊಳ್ಳುತ್ತಾಳೆ ಎಂದು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಇಬ್ಬರೂ ಮಣ್ಣಿನ ರೊಟ್ಟಿ ಉಂಡರು, ತೇಗಿದರು. ಆ ಹುಡುಗಿ ಭಾಂಡೆಯ ರಾಶಿ ನೋಡಿ ಅಂಜಿದಳು.

"ನೀ ಕೂಡು. ನಾವಿಬ್ರೂ ಅಡಗಿ ಮಾಡೋರು," ಎಂದಳು ಮಗಳು. "ಅಪ್ಪಾ, ಬಾ ಇಲ್ಲೆ. ತಿಕ್ಕು."

ನನಗೆ ಮಗಳ ಬಗ್ಗೆ ಹೆಮ್ಮೆ ಎನಿಸಿತು. ಬೆರಳುಗಾತ್ರದ ಪಾತ್ರೆಗಳನ್ನು ತಿಕ್ಕುತ್ತಾ ಕೂತೆ. ಅಷ್ಟು ಸುಖದ ಕೆಲಸ ಆಫೀಸಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ನಿಮಗ ಇದು ಬರತೈತಿ ಅಂತ ಇಷ್ಟು ದಿನ ಗೊತ್ತ ಇರಲಿಲ್ಲರಿ. ಅದನ್ನ ಮುಗಿಸಿ ಇತ್ತಾಗ ಬರ್ರಿ."