ಹಳೇ ಚರ್ಚಿನ ಗಂಟೆಗೆ ಬಂದವರು

ಕೊಟ್ಟೂರಿನ ಹಳೇ ಚರ್ಚಿನ ವೇದಿಕೆಯನ್ನು ಸೋಮವಾರ ಬೆಳಿಗ್ಗೆ ಮೇಕೆಯೊಂದು ಆಕ್ರಮಿಸಿಕೊಂಡಿದ್ದು, ಮಾತುಕತೆ ವಿಫಲವಾಗಿದೆ. ಪರಿಸ್ಥಿತಿ ಶಾಂತವಾಗಿದೆ. ನಮ್ಮ ಮನೆ ಚರ್ಚಿನ ಎದುರಿಗೇ ಇರುವುದರಿಂದ ಇಂಥ ಸುದ್ದಿಗೆ ನನಗೆ ಬರವಿಲ್ಲ.

೧. ಹಳೇ ನಿವಾಸಿಗಳು

ಚರ್ಚಿಗೆ ಬರುತ್ತಿದ್ದ ನಾಲ್ಕಾರು ಕುಟುಂಬಗಳು ಊರು ಬಿಟ್ಟು ವರ್ಷಗಳಾಗಿದ್ದವು. ಬೀಗ ಬಿದ್ದ ಕಟ್ಟಡವನ್ನು ಮೆಕ್ಕೆಜೋಳದ ಗೋದಾಮಿಗೆ ಕೊಡುವ ಮಾತು ನಡೆದಿತ್ತು. ಆಗ ನಿವೃತ್ತ ಡ್ರಾಯಿಂಗ್ ಮಾಸ್ತರು ಅಡ್ಡ ಬಂದರು. ಬಯಲಾಟ, ಚಿತ್ರ, ಡೊಳ್ಳು ಎಲ್ಲವನ್ನೂ ಊರವರು ಒಂದೇ ಕಡೆ ಕಲಿಯುವ ಕಲಾಕೇಂದ್ರ ಮಾಡುತ್ತೇನೆ ಎಂದರು.

ಹೊಸಪೇಟೆಯಲ್ಲಿದ್ದ ಚರ್ಚಿನ ಹಿರಿಯರು ಒಂದೇ ಷರತ್ತು ಹಾಕಿದರು: "ಒಂದಿನ ಬಂದು ನೋಡ್ತೀನಿ. ಜನ ಇದ್ರ ನಿಮಗ, ಇಲ್ಲಾಂದ್ರ ಗೋದಾಮಿಗೆ."

ಮಾಸ್ತರು ಗೇಟು ತೆಗೆದಾಗ ಬೇವಿನ ನೆರಳಿನ ತುಂಬ ಕುರಿ, ಮೇಕೆ ಮಲಗಿದ್ದವು. "ಇಲ್ಲಿ ಇನ್ನ ಮಂದಿ ಬರ್ತಾರಪ, ಜಾಗ ಬಿಡು" ಎಂದರು ಕುರಿಗಾಹಿಗೆ.

"ಬಿಡ್ತೀನ್ರಿ. ಮಂದಿ ಬರಲಿಲ್ಲಂದ್ರ ಹೇಳ್ರಿ, ಜಾಗ ತುಂಬಾಕ ಇವು ಅದಾವ."

ಷರತ್ತು ನೆನೆದ ಮಾಸ್ತರು ಕುರಿಗಳನ್ನು ಉಳಿಸಿಕೊಂಡರು. ಕುರಿಗಾಹಿ ಡೊಳ್ಳಿಗೆ ಸೇರಿಕೊಂಡ.

೨. ಢಣ್

ಜನ ಬಂದರು. ಬಂದವರೆಲ್ಲ ಚಪ್ಪಲಿ ಬಿಟ್ಟು, ಗುಡಿಯಲ್ಲಿ ಮಾಡುವಂತೆ ಚರ್ಚಿನ ಗಂಟೆಯ ಹಗ್ಗ ಜಗ್ಗಿಯೇ ಒಳಗೆ ಕಾಲಿಟ್ಟರು. ಬಯಲಾಟದ ರಾಕ್ಷಸ, ಅಂದರೆ ನಮ್ಮ ಕಿರಾಣಿ ಅಂಗಡಿಯವರು, ಅಬ್ಬರಿಸಲು ಬಾಯಿ ತೆರೆದಾಗಲೆಲ್ಲ ಢಣ್. ಬೇಸತ್ತ ಮಾಸ್ತರು ಹಗ್ಗವನ್ನು ಎತ್ತರಕ್ಕೆ ಕಟ್ಟಿದರು. ಚಿತ್ರ ಬಿಡಿಸಲು ಬರುವ ಅಜ್ಜಿ ಹೊಸ್ತಿಲಲ್ಲೇ ನಿಂತಳು.

"ಒಳಗ ಬಾರಬೇ."

"ಗಂಟಿ ಹೊಡೀಲಾರದ ಹೆಂಗ ಬರ್ಲಿ?"

"ಇದು ನಮ್ಮ ಗುಡಿ ಅಲ್ಲಬೇ."

"ಅದಕ್ಕ ಮತ್ತ! ಮಂದಿ ಮನಿಗೆ ಹೇಳದ ಕೇಳದ ನುಗ್ತಾರೇನು?"

ಕೊನೆಗೆ ರಾಜಿಯಾಯಿತು. ಸಂಜೆ ಮಿರ್ಚಿ-ಮಂಡಕ್ಕಿ ಬಂದಾಗ ಮಾತ್ರ ಗಂಟೆ. ಹೊಡೆಯುವ ಅಧಿಕಾರ ಅಜ್ಜಿಗೆ. ಕಲೆಯಲ್ಲಿ ಇಂಥ ಶಿಸ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

೩. ದೊಡ್ಡವರು ಬಂದರು

ನಮ್ಮೂರಿಗೆ ದೊಡ್ಡವರು ಬರುತ್ತಾರೆಂದರೆ ನೆಲ ತೊಳೆಯಬೇಕು, ಅವರಿಗಿಂತ ಮೊದಲು ಅದನ್ನು ಯಾರೂ ತುಳಿಯಬಾರದು. ಮಾಸ್ತರು ಹಿರಿಯರನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋದಾಗ ಅಜ್ಜಿ ಕಲಾವಿದರನ್ನೆಲ್ಲ ಹೊರಗಟ್ಟಿದಳು. ಕುರಿಗಳನ್ನೂ ಬಿಡಲಿಲ್ಲ.

ಹಿರಿಯರು ಬಂದು ಖಾಲಿ ಕಟ್ಟಡ ನೋಡಿದರು. "ಭಾಳ ಸ್ವಚ್ಛ ಐತ್ರಿ ಮಾಸ್ತರ. ಗೋದಾಮಿಗೆ ಇಷ್ಟು ಬೇಕಾಗಿದ್ದಿಲ್ಲ."

ಮಾಸ್ತರ ಬಾಯಿ ಒಣಗಿತು. ನೆಲ ಇನ್ನೂ ಒಣಗಿರಲಿಲ್ಲ.

ಹೊರಡುವ ಮುನ್ನ, ಇದೇ ಕೊನೆಯ ಸಲ ಎಂದು ಹಿರಿಯರು ಗಂಟೆಯ ಹಗ್ಗ ಜಗ್ಗಿದರು.

ಒಂದೇ ಕಡೆ ಮೀಸೆ ಬರೆದುಕೊಂಡ ರಾಕ್ಷಸ ಓಡಿ ಬಂದ. ಡೊಳ್ಳಿನವರು ಬಂದರು. ಕೈಗೆಲ್ಲ ಬಣ್ಣ ಮೆತ್ತಿಕೊಂಡ ಹೆಂಗಸರು ತಟ್ಟೆ ಸಮೇತ ಬಂದರು. ಹಿಂದೆ ಕುರಿ ಹಿಂಡು. ಅದರ ಹಿಂದೆ ಅಜ್ಜಿ: "ನಾ ಇಲ್ಲೇ ಅದೀನಿ, ಗಂಟಿ ಹೊಡದಾವ ಯಾವನಲೇ?"

ಹಿರಿಯರು ಹಗ್ಗ ಬಿಟ್ಟು ತುಂಬಿದ ಚರ್ಚಿನತ್ತ ತಿರುಗಿದರು. "ನಮ್ಮಪ್ಪ ಜೀವಮಾನವೆಲ್ಲ ಈ ಗಂಟಿ ಹೊಡದ. ಒಂದಿನಾನೂ ಇಷ್ಟು ಮಂದಿ ಬಂದಿದ್ದಿಲ್ಲ."

ಅಜ್ಜಿ ಕನಿಕರದಿಂದ ಕೇಳಿದಳು: "ಅವರು ಮಿರ್ಚಿ ಕೊಡ್ತಿದ್ರೇನ್ರಿ?"

ಕೀಲಿ ಈಗ ಮಾಸ್ತರ ಬಳಿಯೇ ಇದೆ. ಗೋದಾಮು ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಾಯಿತು. ಸೋಮವಾರದ ಮೇಕೆ ಸಂಜೆ ಗಂಟೆಗೆ ತಾನಾಗಿಯೇ ಇಳಿಯಿತು.