ಮಾವನವರ ಇನ್‌ವ್ಯಾಲ್ಯುಯಬಲ್ ಸೇವೆ

ಒಂದೇ ಮನೆಯಲ್ಲಿ ಇಬ್ಬರು ಮೇಷ್ಟರು ಇರಬಾರದು. ತಿದ್ದುವುದಕ್ಕೆ ತಪ್ಪುಗಳು ಸಾಲುವುದಿಲ್ಲ. ನಾನು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ನಮ್ಮ ಮಾವನವರು ದೇವಸಮುದ್ರದ ಸುತ್ತಮುತ್ತಲಿನ ಪ್ರೈಮರಿ ಶಾಲೆಗಳಲ್ಲಿ ಪಾಠ ಮಾಡಿ ಕೂದಲು ಬೆಳ್ಳಗಾಗಿಸಿಕೊಂಡವರು. ನಾನು ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ, "ಏನಮ್ಮ, ಇವತ್ತು ನೌನಾ, ವರ್ಬಾ?" ಎಂದು ಕೇಳುತ್ತಿದ್ದರು. ಬೇರೆ ಮನೆಗಳಲ್ಲಿ ಕೆಲಸದಿಂದ ಬಂದ ಸೊಸೆಗೆ ಕಾಫಿ ಸಿಗುತ್ತದಂತೆ. ನನಗೆ ವ್ಯಾಕರಣ ಸಿಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಮಾಡಿದರು. ಶಾಲು, ಹಾರ, ಜೊತೆಗೆ ಗಾಜಿನ ಕಟ್ಟು ಹಾಕಿಸಿದ ಇಂಗ್ಲಿಷ್ ಸನ್ಮಾನಪತ್ರ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಮ್ಯಾನೇಜರಾಗಿದ್ದ ಶಿಷ್ಯನೊಬ್ಬ ಅದನ್ನು ಬರೆಸಿ ತಂದಿದ್ದ. ಮನೆಗೆ ಬಂದ ಮಾವನವರು ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟರು. ಊಟಕ್ಕೂ ಏಳಲಿಲ್ಲ.

"ಅದೇನು ಬರದವ್ರೋ ನೋಡವ್ವ, ಮುದ್ದೆ ಆರೋಗ್ತೈತೆ," ಎಂದರು ಅತ್ತೆ.

ತಿರುಗಿಸಿ ನೋಡಿದೆ. 'ಇನ್‌ವ್ಯಾಲ್ಯುಯಬಲ್ ಸರ್ವಿಸ್' ಎಂದಿತ್ತು.

"ಕರೆಕ್ಟು, ಇನ್‌ಕರೆಕ್ಟು. ಕಂಪ್ಲೀಟು, ಇನ್‌ಕಂಪ್ಲೀಟು," ಎಂದರು ಮಾವ. "ಮೊದಲಿಗೆ ಇನ್ ಬಂತು ಅಂದ್ರೆ ಇಲ್ಲ ಅಂತ ಅರ್ಥ. ಆ ಹುಡುಗನಿಗೆ ಇದನ್ನ ಹೇಳಿಕೊಟ್ಟೋನೇ ನಾನು. ಈಗ ನನ್ನ ಸೇವೆಗೆ ಬೆಲೆ ಇಲ್ಲ ಅಂತ ಅವನೇ ಬಂಗಾರದ ಅಕ್ಷರದಾಗೆ ಬರೆಸವ್ನೆ."

ನಗು ಬಂದಿತ್ತು; ಅವರ ದನಿ ನಡುಗಿದ್ದು ಕೇಳಿ ಹಿಂದಕ್ಕೆ ಹೋಯಿತು. "ಮಾವ, ವ್ಯಾಲ್ಯೂ ಅಂದ್ರೆ ಬೆಲೆ ಕಟ್ಟೋದು. ಕೊನೇಲಿರೋ ಏಬಲ್ ಅಂದ್ರೆ ಆಗುತ್ತೆ. ಮೊದಲಲ್ಲಿರೋ ಇನ್ ಅಂದ್ರೆ ಆಗಲ್ಲ. ಬೆಲೆ ಕಟ್ಟೋಕೇ ಆಗಲ್ಲ, ಅಷ್ಟು ದೊಡ್ಡ ಸೇವೆ ಅಂತ."

"ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡಮ್ಮ."

"ಮೊಮ್ಮಗಳಿಗೆ ಅಮೂಲ್ಯ ಅಂತ ಹೆಸರಿಟ್ಟೋರು ಯಾರು? ನೀವೇ ತಾನೆ? ಅದರಲ್ಲೂ 'ಅ' ಐತಲ್ಲ. ಹಂಗಾರೆ ಅವಳಿಗೆ ಬೆಲೆ ಇಲ್ವಾ?"

ಮಾವ ಪಕ್ಕದಲ್ಲಿ ಆಡುತ್ತಿದ್ದ ಮಗುವನ್ನು ನೋಡಿದರು. ತುಟಿಯಲ್ಲೇ ಪದ ಬಿಡಿಸಿ ಕೂಡಿಸಿದರು. "ಹೌದಲ್ಲ!" ಎಂದು ಎದ್ದು ಕಟ್ಟನ್ನು ತಿರುಗಿಸಿಟ್ಟು, ಅತ್ತೆಗೆ "ಬಡ್ಸೇ" ಎಂದರು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರು "ಇಂಥವು ಇನ್ನೂ ಅವಾ?" ಎಂದಾಗ ನನ್ನೊಳಗಿನ ಮೇಷ್ಟ್ರಿಣಿ ಸುಮ್ಮನಿರಲಿಲ್ಲ. "ಪ್ರೈಸ್‌ಲೆಸ್ ಐತೆ ಮಾವ. ಲೆಸ್ ಅಂದ್ರೆ ಇಲ್ಲ ಅಂತ, ಆದ್ರೂ ಅದು ಹೊಗಳಿಕೆ," ಎಂದೆ. ಮಾವ ತಲೆದೂಗಿದರು.

ಮುಂದಿನ ಭಾನುವಾರ ನಮ್ಮ ಹೆಡ್‌ಮಿಸ್ಟ್ರೆಸ್ ಊಟಕ್ಕೆ ಬಂದರು. ಎಲೆಯ ಮುಂದೆ ಕೂತವರಿಗೆ ಮಾವ ಹೆಮ್ಮೆಯಿಂದ, "ನಮ್ಮ ಸೊಸೆ ಕೈ ಅಡುಗೆ ಟೇಸ್ಟ್‌ಲೆಸ್ ಕಣ್ರೀ ಮೇಡಂ!" ಎಂದರು. ಹೆಡ್‌ಮಿಸ್ಟ್ರೆಸ್ ನನ್ನ ಮುಖ ನೋಡಿದರು. ಅರ್ಥ ಬಿಡಿಸಿ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಸಾರನ್ನದ ಒಂದು ತುತ್ತು ಬಾಯಿಗಿಟ್ಟು, ಮೆಲ್ಲಗೆ ಉಪ್ಪು ಕೇಳಿದರು.