ಚಿಕ್ಕಮ್ಮನ ಪರೀಕ್ಷೆಯೂ ಕ್ಯಾಮೆರಾದ ಹುಡುಗಿಯೂ

ನಮ್ಮ ಚಿಕ್ಕಮ್ಮ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಅತಿಥಿಸತ್ಕಾರದಿಂದ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು!

ಕಾಪುವಿನಲ್ಲಿ ಅಣ್ಣಂದಿರ ತುಂಬು ಸಂಸಾರವನ್ನು ಸಾಕಿಕೊಂಡು, ಹಗಲಿಗೆ ಮೀನಿನ ಫ್ಯಾಕ್ಟರಿಯಲ್ಲಿ ಸಿಗಡಿ ಸುಲಿಯುವವರು ಅವರು. ಆಹಾರ ಸುರಕ್ಷತೆಯ ಸರ್ಟಿಫಿಕೇಟ್ ಸಿಕ್ಕಿದರೆ ಸೂಪರ್‌ವೈಸರ್. ಮೂರು ಸಲದಲ್ಲಿ ಆಗದಿದ್ದರೆ ನಿವೃತ್ತಿಯವರೆಗೂ ಸಿಗಡಿಯೇ. ಪರೀಕ್ಷೆ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಕಾವಲಿಗೆ ಕ್ಯಾಮೆರಾದ ಆಚೆ ಎಲ್ಲಿಯದೋ ಊರಿನ ಒಬ್ಬ ಹುಡುಗಿ.

ಮೊದಲ ಸಲ ಆ ಹುಡುಗಿ ಕೋಣೆಯನ್ನೊಮ್ಮೆ ಸುತ್ತ ತೋರಿಸಿ ಎಂದಳಂತೆ. ಚಿಕ್ಕಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆ, ಬಾವಿಕಟ್ಟೆ, ಮರಿ ಹಾಕಿದ ಬೆಕ್ಕು ಎಲ್ಲವನ್ನೂ ತೋರಿಸಿದರು. ಹತ್ತನೆಯ ಪ್ರಶ್ನೆಗೆ ಬರುವಾಗ ಥಟ್ಟನೆ ನೆನಪಾಯಿತು: ಮನೆಗೆ ಬಂದವಳಿಗೆ ಬೆಲ್ಲ ನೀರು ಕೊಟ್ಟಿಲ್ಲ! ಎದ್ದು ಹೋಗಿ ಲೋಟ ಹಿಡಿದು ಬರುವಷ್ಟರಲ್ಲಿ, ಕುರ್ಚಿ ಬಿಟ್ಟ ತಪ್ಪಿಗೆ ಪರೀಕ್ಷೆ ರದ್ದು. ಚಿಕ್ಕಮ್ಮನ ಬೇಸರ ಅದಕ್ಕಲ್ಲ. "ಪಾಪ, ನೀರೂ ಕುಡಿಯದೆ ಹೋದಳು ಮಾರಾಯ."

ಎರಡನೆಯ ಸಲ ಬಾಗಿಲಿಗೆ ಚಿಲಕ ಹಾಕಿ ಕೂತರು. ಹಾಡಹಗಲಲ್ಲಿ ಚಿಲಕವೆಂದರೆ ಏನೋ ಅನಾಹುತವೇ ಎಂದು ಆಚೆಮನೆ ಅಕ್ಕ ಬಾಗಿಲು ಬಡಿದು, ಕೊನೆಗೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಬಂದವರನ್ನು ಹೋಗಿ ಎನ್ನುವುದು ಹೇಗೆ? ಕೂತ್ಕೊಳ್ಳಿ ಎಂದರು ಚಿಕ್ಕಮ್ಮ. ಆ ಅಕ್ಕ ಕೂತದ್ದಲ್ಲದೆ ಪರದೆಗೆ ಬಗ್ಗಿ, ಮದುವೆ ಆಗಿದೆಯಾ ಎಂದು ಕಾವಲಿನ ಹುಡುಗಿಯನ್ನು ವಿಚಾರಿಸಿದರು. ಉತ್ತರ ಬರಲಿಲ್ಲ. ರದ್ದಾದ ಸುದ್ದಿ ಬಂತು!

ಕಡೆಯ ಸಲಕ್ಕೆ ನಾನೇ ಚಿಕ್ಕಮ್ಮನನ್ನು ಕುಕ್ಕುಂದೂರಿನ ನಮ್ಮ ಮನೆಗೆ ಕರೆತಂದೆ. ಹೆಂಡತಿ ಮಕ್ಕಳನ್ನು ಸಂತೆಕಟ್ಟೆಯ ಮಾವನ ಮನೆಗೆ ಕಳಿಸಿ ಗೇಟಿನಲ್ಲಿ ಕಾವಲು ನಿಂತೆ. ತೆಂಗಿನಕಾಯಿ ಕೀಳುವವ ಬಂದ. ಬಾಯಿಗೆ ಬೆರಳಿಟ್ಟು ಒಳಗೆ ಕೈ ತೋರಿಸಿದೆ. ಅವ ತಲೆಯ ಮುಂಡಾಸು ಬಿಚ್ಚಿ, ಯಾವಾಗ ಹೋದದ್ದು ಎಂದು ಮೆಲ್ಲಗೆ ಕೇಳಿದ.

ಎರಡು ಗಂಟೆ ಕಳೆದರೂ ಒಳಗೆ ಸದ್ದಿಲ್ಲ. ಹೆದರಿ ಇಣುಕಿದೆ. ಪರದೆಯ ಮೇಲೆ 'ಪಾಸ್' ಎಂದು ಹಸಿರು ಅಕ್ಷರ. ಚಿಕ್ಕಮ್ಮ ಅದರ ಮುಂದೆ ಕೈ ಕಟ್ಟಿ ಕೂತೇ ಇದ್ದರು.

"ಎಂತ ಚಿಕ್ಕಮ್ಮ, ಮುಗಿಯಿತಲ್ಲ?"

"ಮುಗಿದು ಎಷ್ಟೋ ಹೊತ್ತಾಯ್ತು. ಆ ಹುಡುಗಿ ಅಷ್ಟು ಹೊತ್ತೂ ನನ್ನನ್ನೇ ನೋಡಿಕೊಂಡು ಕೂತಿದ್ದಳು ಮಾರಾಯ. ನಡುವೆ ಒಮ್ಮೆ ಕಣ್ಣುಜ್ಜಿಕೊಂಡೆ. ಹುಷಾರಿದ್ದೀರಾ ಅಂತ ಕೇಳಿದಳು. ನನ್ನನ್ನು."

ನಮ್ಮ ಅಷ್ಟು ದೊಡ್ಡ ಕುಟುಂಬದಲ್ಲಿ ಈ ಮಾತನ್ನು ಅವರಿಗೆ ಯಾರು, ಯಾವಾಗ ಕೇಳಿದ್ದೆವು? ನೆನಪಾಗಲಿಲ್ಲ.

ಚಹಾ ಇಡುತ್ತೇನೆಂದು ಚಿಕ್ಕಮ್ಮ ಏಳಹೊರಟರು. ನಾನು ಏಳಲು ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ.